ಯಾರ ಆತುರ, ಯಾರ ತಾಳ್ಮೆ?

"ಈಗಿನ ಹುಡುಗ್ರಿಗೆ ಮೈ ಬಗ್ಗಂಗಿಲ್ಲ. ಎಲ್ಲಾ ಕುಂತ ಜಾಗಕ್ಕ ಬರಬೇಕು, ಅದೂ ಇವತ್ತೇ ಬರಬೇಕು. ನಮ್ಮ ಕಾಲದಾಗ ಆಳುಮಕ್ಕಳು ಹೆಂಗ ದುಡೀತಿದ್ರು!"

ಈ ಮಾತು ನಮಗೆ ಹೊಸದಲ್ಲ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತವರು ಇದನ್ನು ಹೇಳುತ್ತಾರೆ. ಕೊಪ್ಪಳದ ಕಲ್ಯಾಣ ಮಂಟಪದಲ್ಲಿ ಉಂಡು ಎದ್ದವರು ಹೇಳುತ್ತಾರೆ. ಕುಷ್ಟಗಿಯ ಚಾದಂಗಡಿಯಲ್ಲಿ, ಯಲಬುರ್ಗಾದ ಕಟ್ಟೆಗಳ ಮೇಲೆ ಇದೇ ಮಾತು. ಮೈಕು ಸಿಕ್ಕರೆ ಇದೇ ಪ್ರವಚನ. ಈಚೆಗೆ ನಮ್ಮ ಮಾಸ್ತರರೂ, ನಮ್ಮ ಸಂಘಟನೆಯ ಕೆಲವು ಹಿರಿಯರೂ ಇದನ್ನೇ ಹೇಳತೊಡಗಿದ್ದಾರೆ. ಆದ್ದರಿಂದ ಉತ್ತರ ಕೊಡಬೇಕಾಗಿದೆ.

ನಮ್ಮ ಉತ್ತರಕ್ಕೆ ಎರಡು ಭಾಗ. ಮೊದಲನೆಯದು ಈ ಮಾತು ಆಡುವ ಧಣಿಗಳಿಗೆ. ಎರಡನೆಯದು ನಮ್ಮ ಕೇರಿಯ ಹುಡುಗ ಹುಡುಗಿಯರಿಗೆ. ಮೊದಲನೆಯದನ್ನು ಮಾತ್ರ ಹೇಳಿ ಸುಮ್ಮನಾದರೆ ನಮ್ಮವರನ್ನು ಮುದ್ದುಮಾಡಿ ಕೆಡಿಸಿದಂತೆ. ಎರಡನೆಯದನ್ನು ಮಾತ್ರ ಹೇಳಿದರೆ ಧಣಿಗಳ ಭಾಷಣವನ್ನೇ ನಾವು ಬಾಯಿಪಾಠ ಒಪ್ಪಿಸಿದಂತೆ.

ಧಣಿಗಳೇ, ನಿಮ್ಮ ಆ "ನಮ್ಮ ಕಾಲ" ಯಾವುದು? 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮನ ರಾಜ್ಯದಲ್ಲಿತ್ತು. ಬಿಟ್ಟಿ ಬೇಗಾರಿ ಅಂದರೆ ಏನೆಂದು ನಮ್ಮ ಅಜ್ಜಂದಿರ ಬೆನ್ನಿಗೆ ಗೊತ್ತಿತ್ತು. ಊರಗೌಡ ಕರೆದರೆ ಕೈಯಲ್ಲಿದ್ದ ತುತ್ತು ಬಿಟ್ಟು ಓಡಬೇಕು. ಕೂಲಿ ಕೇಳುವಂತಿಲ್ಲ. ಮಗಳ ಮದುವೆಗೆ ಎರಡು ಚೀಲ ಜೋಳ ಸಾಲ ತಂದವನು ಜೀತಕ್ಕೆ ಬಿದ್ದ, ಅವನ ಮಗನೂ ಬಿದ್ದ. ಜೀತಪದ್ಧತಿ ರದ್ದತಿಗೆ ಕಾಯ್ದೆ ಬಂದದ್ದು 1976ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು 29 ವರ್ಷ ಆದಮೇಲೆ. ನಿಮ್ಮ ಕಾಲದ ಆಳುಮಗ ದುಡಿಮೆಯ ಮೇಲಿನ ಪ್ರೀತಿಯಿಂದ ದುಡಿಯಲಿಲ್ಲ. ಅವನು ಕಟ್ಟಿಹಾಕಿದ ಎತ್ತು. ಎತ್ತು ಹಗ್ಗ ಹರಿದುಕೊಂಡು ಹೋದರೆ "ಈಗಿನ ಎತ್ತು ಮೈಗಳ್ಳ" ಎನ್ನುತ್ತೀರಿ. ಹಗ್ಗ ಹಿಡಿದಿದ್ದವನ ಕೈಯ ಬಗ್ಗೆ ಮಾತ್ರ ಚಕಾರ ಎತ್ತುವುದಿಲ್ಲ.

ಜಾತಿ ಎಂಬುದು ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ಹಂಚಿಟ್ಟ ವ್ಯವಸ್ಥೆ ಎಂದು ಬಾಬಾಸಾಹೇಬರು 1936ರಲ್ಲೇ ಬಿಡಿಸಿ ಹೇಳಿದರು. ಹುಟ್ಟಿದ ಕೂಡಲೇ ಕೆಲಸ ಗೊತ್ತಾಗಿಬಿಡುವ ದೇಶದಲ್ಲಿ, ಮಾಡುವವನಿಗೆ ಆ ಕೆಲಸದ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಸತ್ತ ದನ ಎಳೆಯುವವನ ಮಗನಿಗೆ ಅದೇ ಕೆಲಸವನ್ನು "ನಿಷ್ಠೆಯಿಂದ ಮಾಡು" ಎಂದು ಹೇಳುವುದು ನೀತಿಯಲ್ಲ, ಪುರೋಹಿತಶಾಹಿಯ ಕುತಂತ್ರ.

ಆಗ ನೀವು ಕಾಯಕದ ಮಾತು ಎತ್ತುತ್ತೀರಿ. ಎತ್ತಿರಿ. ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ನಮ್ಮ ನೆರೆಯವರೇ, ಲಿಂಗಸುಗೂರು ಸೀಮೆಯ ಅಮರೇಶ್ವರದವರು ಎಂದು ನಮ್ಮ ಕಡೆಯ ನಂಬಿಕೆ. ಗಂಡ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರೆ, ಆ ಹೆಂಗಸು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ, ವಾಪಸು ಸುರಿದು ಬಾ ಎಂದು ಕಳಿಸಿದಳು. ಕಾಯಕ ಅಂದರೆ ಇದು: ದುಡಿ, ಹೆಚ್ಚಿನದನ್ನು ಇಟ್ಟುಕೊಳ್ಳಬೇಡ. ಇದರಲ್ಲಿ ಮೊದಲ ಅರ್ಧವನ್ನು ನಮ್ಮ ಗೋಡೆಗೆ ಬರೆದಿರಿ. ಎರಡನೆಯ ಅರ್ಧವನ್ನು ನಿಮ್ಮ ಗೋದಾಮಿನ ಬಾಗಿಲಿಗೆ ಯಾಕೆ ಬರೆಯಲಿಲ್ಲ? ಕೂತು ಉಂಬವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಕಟ್ಟಿದವರು ನಮ್ಮ ಹುಡುಗರನ್ನು ನೋಡಿ ಕಟ್ಟಿರಲಿಕ್ಕಿಲ್ಲ.

ಈಗಿನ ಹುಡುಗರು ದುಡಿಯುವುದಿಲ್ಲವೆ? ಸಂಜೆ ಕುಷ್ಟಗಿ ಬಸ್ ಸ್ಟ್ಯಾಂಡಿಗೆ ಬಂದು ಸ್ವಲ್ಪ ಹೊತ್ತು ನಿಲ್ಲಿರಿ. ಗಂಟು, ಕೊಡ, ಹಿಟ್ಟಿನ ಚೀಲ, ಕಂಕುಳಲ್ಲಿ ಕೂಸು. ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಗುಳೆ ಹೊರಟವರು. ಅವರಲ್ಲಿ ಮೀಸೆ ಸರಿಯಾಗಿ ಮೂಡದ ಹುಡುಗರೇ ಹೆಚ್ಚು. ರಾತ್ರಿಯೆಲ್ಲ ಬಸ್ಸಿನಲ್ಲಿ ನಿಂತು ಹೋಗಿ, ಬೆಳಿಗ್ಗೆ ಸಿಮೆಂಟಿನ ಬುಟ್ಟಿ ಹೊರುತ್ತಾರೆ. ಗಂಗಾವತಿ ಕಾಲುವೆ ಭಾಗದಲ್ಲಿ ನಾಟಿಯ ಕಾಲಕ್ಕೆ ಹೋಗಿ ನೋಡಿರಿ. ಮೊಣಕಾಲು ಮಟ ಕೆಸರಿನಲ್ಲಿ ಬಗ್ಗಿದ ಹೆಣ್ಣುಮಕ್ಕಳ ಬೆನ್ನು ಸಾಲು ಸಾಲಾಗಿ ಕಾಣುತ್ತದೆ. ಮೈ ಬಗ್ಗಂಗಿಲ್ಲ ಅಂದಿರಲ್ಲ, ಆ ಬೆನ್ನುಗಳು ಯಾರವು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಎಲ್ಲರೂ ಬಂದು ಇಣುಕಿ ನೋಡಿ, ಫೋಟೋ ತೆಗೆಸಿಕೊಂಡು ಹೋದರು. ಧುಮ್ಮಿಕ್ಕುವ ನೀರಿನ ಮೇಲೆ ನಿಂತು, ಒಂದು ವಾರದೊಳಗೆ ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಿದವರು ಕೂಲಿ ಕೆಲಸಗಾರರು. ಆ ವರ್ಷದ ನಿಮ್ಮ ಭತ್ತ ಉಳಿದದ್ದು ಅವರ ಕೈಯಿಂದ.

ಇಷ್ಟು ದುಡಿದರೂ ಸಾಲದಂತೆ. 2023ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಧಣಿಯೊಬ್ಬರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಇನ್ನೊಬ್ಬ ದೊಡ್ಡ ಕಂಪನಿಯ ಮುಖ್ಯಸ್ಥರು 90 ತಾಸು ಎಂದರು. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆಯೇ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ತಾಸಿನ ಪಾಳಿಗೆ ದಾರಿ ಮಾಡಿತು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. ಅವರು ಮುಂದಿಟ್ಟ ತಿದ್ದುಪಡಿಯಿಂದಲೇ 1946ರಲ್ಲಿ ಕಾರ್ಖಾನೆಯ ದುಡಿಮೆ ವಾರಕ್ಕೆ 54 ತಾಸಿನಿಂದ 48ಕ್ಕೆ ಇಳಿದದ್ದು. ಆ ಆರು ತಾಸು ಯಾಕೆ ಬೇಕಾಗಿತ್ತು? ದುಡಿಯುವವನಿಗೂ ಓದಲು, ಯೋಚನೆ ಮಾಡಲು, ಸಂಘ ಕಟ್ಟಲು ಹೊತ್ತು ಬೇಕು. ಅದನ್ನೇ ಈಗ ಕಸಿಯಲು ಹೊರಟಿದ್ದಾರೆ. ಹುಡುಗರು ಓದುವುದಿಲ್ಲ ಎಂದು ಬೈಯುವವರೂ ಇವರೇ.

ಇನ್ನು ತಾಳ್ಮೆಯ ಮಾತು. ನಮ್ಮವರಿಗೆ ಎಲ್ಲ ಇವತ್ತೇ ಬೇಕಂತೆ. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಅಲ್ಲಿಯ ತನಕ ಕಾದವರು ಯಾರು? ಭಾನಾಪುರದ ಆಟಿಕೆ ಕಾರ್ಖಾನೆಗಳಿಂದ 40 ಸಾವಿರ ಕೆಲಸ ಎಂದು 2020ರಲ್ಲಿ ಸರ್ಕಾರ ಡಂಗುರ ಸಾರಿತು. ಅದನ್ನು ನಂಬಿ ಐ.ಟಿ.ಐ. ಮುಗಿಸಿದ ನಮ್ಮ ಹುಡುಗ ಇವತ್ತೂ ಬೆಂಗಳೂರಿನ ಬಸ್ಸಿಗೆ ಸೀಟು ಹಿಡಿಯುತ್ತಿದ್ದಾನೆ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ಸೇರಿತು. ಕಲ್ಯಾಣ ಕರ್ನಾಟಕದ ಕೆಳದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 80, 85 ನಮಗೆ ಎಂದಾಯಿತು. ಕಾಗದದ ಮೇಲೆ ಹುದ್ದೆ ನಮ್ಮದು, ಕುರ್ಚಿ ಖಾಲಿ.

545 ಪಿ.ಎಸ್.ಐ. ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ನಮ್ಮ ಹುಡುಗರು ನಸುಕಿನಲ್ಲಿ ಎದ್ದು ಡಾಂಬರು ರಸ್ತೆಯ ಮೇಲೆ ಓಡಿದರು, ರಾತ್ರಿ ಗ್ರಂಥಾಲಯದಲ್ಲಿ ಕೂತು ಓದಿದರು. ಇನ್ನೊಂದು ಕಡೆ ಉತ್ತರ ಪತ್ರಿಕೆಯನ್ನೇ ತಿದ್ದುವ ವ್ಯಾಪಾರ ನಡೆಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಕೆ.ಪಿ.ಎಸ್.ಸಿ. 384 ಹುದ್ದೆಗೆ ಪೂರ್ವಭಾವಿ ಪರೀಕ್ಷೆ ಮಾಡಿತು. ಕನ್ನಡದ ಪ್ರಶ್ನೆಗಳು ಕನ್ನಡದವರಿಗೇ ಅರ್ಥವಾಗದ ಹಾಗೆ ಅನುವಾದವಾಗಿದ್ದವು. ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ, ಮತ್ತೆ ತಪ್ಪು. ಇಂಗ್ಲಿಷ್ ಬಲ್ಲವನು ಮೇಲಿನ ಸಾಲು ಓದಿಕೊಂಡು ಪಾರಾದ. ಯಲಬುರ್ಗಾದ ಸರ್ಕಾರಿ ಶಾಲೆಯಲ್ಲಿ ಕಲಿತವಳು ಏನು ಮಾಡಬೇಕು? ಒಳಮೀಸಲಾತಿಯ ಕತೆಯೂ ಇದೇ. ಸದಾಶಿವ ಆಯೋಗ ನೇಮಕವಾದದ್ದು 2005ರಲ್ಲಿ, ವರದಿ ಬಂದದ್ದು 2012ರಲ್ಲಿ, ಸುಪ್ರೀಂ ಕೋರ್ಟು ದಾರಿ ತೆರೆದದ್ದು 2024ರ ಆಗಸ್ಟಿನಲ್ಲಿ, ರಾಜ್ಯದ ಸಂಪುಟ ಹಂಚಿಕೆ ತೀರ್ಮಾನಿಸಿದ್ದು 2025ರ ಆಗಸ್ಟಿನಲ್ಲಿ. ಹೋರಾಟಕ್ಕೆ ಇಳಿದಾಗ ಕಪ್ಪುಗೂದಲಿದ್ದವರು ಇವತ್ತು ಕೋಲು ಹಿಡಿದಿದ್ದಾರೆ. ಇದಕ್ಕಿಂತ ತಾಳ್ಮೆ ಇನ್ನೆಷ್ಟು ಬೇಕು ನಿಮಗೆ?

ಆತುರ ಯಾರದೆಂದು ನಾವು ಹೇಳುತ್ತೇವೆ ಕೇಳಿ. ಲಕ್ಷಾಂತರ ವರ್ಷ ನೆಲ ಬಸಿರಲ್ಲಿಟ್ಟುಕೊಂಡ ಅದಿರನ್ನು ಹತ್ತು ವರ್ಷದಲ್ಲಿ ಬಗೆದು ಹಡಗಿಗೆ ತುಂಬಿದವರಿಗೆ ಆತುರ. ಹೊಳೆಯಾಚೆಯ ಬಳ್ಳಾರಿ, ಹೊಸಪೇಟೆಯ ಗುಡ್ಡಗಳನ್ನು ಕೇಳಿರಿ. 2011ರಲ್ಲಿ ಲೋಕಾಯುಕ್ತರ ವರದಿ ಬಂದು, ಸುಪ್ರೀಂ ಕೋರ್ಟು ಗಣಿ ನಿಲ್ಲಿಸುವ ತನಕ ಅವರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಮಗನಿಗೆ ಪಿ.ಎಸ್.ಐ. ಹುದ್ದೆ ಕೊಂಡುಕೊಡಲು ಹೋದ ಅಪ್ಪನಿಗೆ ಆತುರ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ನಮ್ಮ ಎರಡು ವರ್ಷದ ಕೂಸೊಂದು ಹನುಮಪ್ಪನ ಗುಡಿಯೊಳಕ್ಕೆ ಓಡಿತು. ಆ ಕೂಸು ಹೊರಗೆ ಬರುವಷ್ಟು ಹೊತ್ತು ತಾಳಲಿಕ್ಕೆ ಆಗಲಿಲ್ಲ ಜಾತಿಗೆ. ಶುದ್ಧೀಕರಣಕ್ಕೆಂದು 25 ಸಾವಿರ ದಂಡ ಕೇಳಿದರು. ನಮಗೆ ತಾಳ್ಮೆ ಕಲಿಸುವವರ ತಾಳ್ಮೆ ಇದು.

ಇವರು ಆತುರಪಡುವುದಷ್ಟೇ ಅಲ್ಲ, ಆತುರವನ್ನು ಮಾರುತ್ತಾರೆ. ಹತ್ತು ನಿಮಿಷಕ್ಕೆ ಸಾಲ ಎಂದು ಫೋನಿಗೆ ಸಂದೇಶ ಕಳಿಸುವವರು ಯಾರು? ಮನೆಬಾಗಿಲಿಗೆ ಸಾಲ ತಂದು, ವಾರ ತಪ್ಪಿದರೆ ಅದೇ ಬಾಗಿಲಲ್ಲಿ ನಿಂತು ಮಾನ ಕಳೆಯುವವರನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಅಷ್ಟರೊಳಗೆ ಎಷ್ಟು ಮನೆಗಳಿಗೆ ಬೀಗ ಬಿತ್ತು. ರಮ್ಮಿ ಆಡಿ ಲಕ್ಷ ಗೆಲ್ಲಿ ಎಂದು ಸಿನಿಮಾದವರು, ಕ್ರಿಕೆಟ್ಟಿನವರು ಟಿ.ವಿ.ಯಲ್ಲಿ ಹಲ್ಲು ಕಿರಿದರು. ರಾಜ್ಯ 2021ರಲ್ಲಿ ಮಾಡಿದ ನಿಷೇಧ 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಹಣ ಕಟ್ಟಿ ಆಡುವ ಆಟಗಳ ಮೇಲೆ ಕೇಂದ್ರದ ಕಾಯ್ದೆ ಬಂದದ್ದು 2025ರ ಆಗಸ್ಟಿನಲ್ಲಿ. ಓಣಿಯ ಓಸಿ ಮಟ್ಕಾ ಬರೆಯುವವನನ್ನು ಪೊಲೀಸರು ಹಿಡಿದೊಯ್ಯುತ್ತಿದ್ದ ಆ ವರ್ಷಗಳಲ್ಲೇ ಫೋನಿನೊಳಗಿನ ಮಟ್ಕಾಕ್ಕೆ ದೊಡ್ಡ ದೊಡ್ಡ ಜಾಹೀರಾತು. ನಮ್ಮ ಹುಡುಗ ಹುಟ್ಟುವಾಗ ಈ ಆತುರವನ್ನು ಹೊತ್ತು ತಂದಿಲ್ಲ. ಅವನ ಜೇಬಿಗೆ ಅದನ್ನು ತುರುಕಿದ್ದಾರೆ, ಮೇಲೆ ಬಡ್ಡಿಯನ್ನೂ ಹಾಕಿದ್ದಾರೆ.

ಇಲ್ಲಿಗೆ ಧಣಿಗಳ ಲೆಕ್ಕ ಮುಗಿಯಿತು. ಇನ್ನು ನಮ್ಮವರ ಜೊತೆ ಮಾತು.

ತಮ್ಮಂದಿರೇ, ತಂಗಿಯರೇ, ತುರುಕಿದವರು ಅವರೇ ಇರಬಹುದು. ಜೇಬು ನಮ್ಮದಲ್ಲವೇನಪಾ? ಅಂಬೇಡ್ಕರ್ ಭವನದ ಕಟ್ಟೆಯ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಎಂಟು ಮಂದಿ ಕೂತಿರುತ್ತೀರಿ, ಎಂಟು ಮಂದಿಯ ಕುತ್ತಿಗೆಯೂ ಫೋನಿನ ಕಡೆ ಬಗ್ಗಿರುತ್ತದೆ. ಐ.ಪಿ.ಎಲ್. ಶುರುವಾದರೆ ಅವ್ವ ನಾಟಿ ಹಚ್ಚಿ ತಂದ ಕೂಲಿ ಒಂದು ಓವರಿನಲ್ಲಿ ಹೋಗುತ್ತದೆ. ಏಪ್ರಿಲ್ 14ಕ್ಕೆ ಡಿ.ಜೆ. ತರಿಸಲು ಮನೆಗೆ ಐನೂರು ಎತ್ತುತ್ತೀರಿ. ಅದೇ ಭವನದೊಳಗಿನ ಕಪಾಟಿನಲ್ಲಿ ಬಾಬಾಸಾಹೇಬರ ಸಂಪುಟಗಳಿವೆ, ಅವುಗಳ ಕಟ್ಟಿದ ದಾರ ಇನ್ನೂ ಬಿಚ್ಚಿಲ್ಲ. ದೌರ್ಜನ್ಯ ನಡೆದರೆ ನಲವತ್ತು ಸೆಕೆಂಡಿನ ವಿಡಿಯೋ ಬಿಟ್ಟು "ಜೈಭೀಮ್" ಅಂದರೆ ಹೋರಾಟ ಮುಗಿಯಿತು. ಠಾಣೆಗೆ ಹೋಗಿ ಎಫ್.ಐ.ಆರ್. ಓದಿ, ಕಲಂ ಸರಿಯಿದೆಯೇ ನೋಡಲು ಯಾರಿಗೂ ಪುರುಸೊತ್ತಿಲ್ಲ. ಸಂಘಟನೆಗೆ ಸೇರಿದ ಮೂರನೆಯ ತಿಂಗಳಿಗೆ ತಾಲ್ಲೂಕು ಅಧ್ಯಕ್ಷ ಆಗಬೇಕು, ಆರನೆಯ ತಿಂಗಳಿಗೆ ಕಾರಿನ ಮುಂದೆ ಬೋರ್ಡು ಬೇಕು. ಚುನಾವಣೆಯ ಹಿಂದಿನ ರಾತ್ರಿ ಒಂದು ಕ್ವಾರ್ಟರು, ಎರಡು ಸಾವಿರ ರೂಪಾಯಿ. ಐದು ವರ್ಷಕ್ಕೆ ಹಂಚಿ ನೋಡಿರಿ, ದಿನಕ್ಕೆ ಒಂದು ರೂಪಾಯಿ ಹತ್ತು ಪೈಸೆಯೂ ಬೀಳುವುದಿಲ್ಲ. ಅಷ್ಟಕ್ಕೆ ಮಾರಿಕೊಂಡೆವಲ್ಲ.

ಇದನ್ನು ಹೇಳುವ ಹಕ್ಕು ರೈಸ್ ಮಿಲ್ಲಿನವರಿಗೆ ಇಲ್ಲ. ನಮಗೆ ಇದೆ, ಯಾಕಂದ್ರೆ ನಷ್ಟ ನಮ್ಮದು. ನಮ್ಮ ಆತುರದಿಂದ ಲಾಭ ಆಗುವುದು ಅವರಿಗೇ. ಇವತ್ತೇ ಬೇಕು ಅನ್ನುವವನನ್ನು ಇವತ್ತೇ ಕೊಳ್ಳಬಹುದು. ಹತ್ತು ವರ್ಷ ಕಾಯುತ್ತೇನೆ, ಬಿಡುವುದಿಲ್ಲ ಅನ್ನುವವನನ್ನು ಯಾವ ಧಣಿಯೂ ಕೊಳ್ಳಲಾರ.

ಒಂದು ನಡೆದ ಸಂಗತಿ ಹೇಳುತ್ತೇವೆ. ಯಲಬುರ್ಗಾ ಸೀಮೆಯ ಒಂದು ಊರಲ್ಲಿ ನಮ್ಮ ಸಂಗಾತಿಯೊಬ್ಬರು, ಪ್ರಾಥಮಿಕ ಶಾಲೆಯ ಮಾಸ್ತರರು, ಕೇರಿಯಲ್ಲಿ ರಾತ್ರಿಶಾಲೆ ಶುರುಮಾಡಿದರು. ಮೊದಲ ದಿನ ಇಪ್ಪತ್ತೆರಡು ಮಂದಿ. "ಇದರಿಂದ ನೌಕರಿ ಸಿಗತೈತೇನ್ರಿ ಸರ?" ಎಂದು ಹುಡುಗರು ಕೇಳಿದರು. ಇಲ್ಲ ಅಂದಮೇಲೆ ಒಬ್ಬೊಬ್ಬರೇ ಜಾರಿಕೊಂಡರು. ಎರಡನೆಯ ವಾರಕ್ಕೆ ಉಳಿದವರು ಐದು ಮಂದಿ ಹೆಣ್ಣುಮಕ್ಕಳು. ಹಗಲೆಲ್ಲ ಹೊಲದ ಕೆಲಸ ಮಾಡಿ, ರೊಟ್ಟಿ ಬಡಿದಿಟ್ಟು ಬರುತ್ತಿದ್ದವರು. ಮಾಸ್ತರರು ಮೂರು ತಿಂಗಳು ಬರೀ ಮಗ್ಗಿ, ಗುಣಾಕಾರ, ಉದ್ದ ಅಗಲದ ಲೆಕ್ಕ ಕಲಿಸಿದರು. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ ಆದರೆ ಒಂದು ಗುಂಟೆ. ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಇಷ್ಟೇ ಪಾಠ.

ಆ ಸಲ ಅವರು ಕಾಲುವೆ ಭಾಗಕ್ಕೆ ನಾಟಿಗೆ ಹೋದರು. ಅಲ್ಲಿ ಎಕರೆಗೆ ಇಷ್ಟು ಎಂದು ಗುತ್ತಿಗೆ. ಹೊಲ ಎಷ್ಟು ಅನ್ನುವುದು ಮೇಸ್ತ್ರಿಯ ಬಾಯಿಮಾತು. ಐವರಲ್ಲಿ ಒಬ್ಬಾಕೆ ಮೂವತ್ತಮೂರು ಅಡಿಯ ಹಗ್ಗವೊಂದನ್ನು ಗಂಟಿನಲ್ಲಿ ಇಟ್ಟುಕೊಂಡು ಹೋಗಿದ್ದಳು. ಊಟದ ಹೊತ್ತಿಗೆ ಬದುವಿನ ಮೇಲೆ ಹಗ್ಗ ಹಿಡಿದು ಅಳೆದರು. ಉದ್ದ ಎಂಟು ಹಗ್ಗ, ಅಗಲ ಆರು ಹಗ್ಗ. ನಲವತ್ತೆಂಟು ಗುಂಟೆ! ಮೇಸ್ತ್ರಿ ಅದನ್ನು ಒಂದು ಎಕರೆ ಎಂದು ಹೇಳುತ್ತಿದ್ದ. "ಯಕ್ಕಾ, ಐದು ಎಕರೆ ರೊಕ್ಕಾ ತಗೊಂಡು ಆರು ಎಕರೆ ಹಚ್ಚೀವಲ್ಲಬೇ!" ಎಂದಳಂತೆ ಆ ಹುಡುಗಿ. ಹಿಂದಿನ ಎಷ್ಟು ವರ್ಷ ಹೀಗೆ ಹಚ್ಚಿದರೋ. ನಿಜಾಮ ಹೋದ, ಬಿಟ್ಟಿ ಬೇಗಾರಿ ಹೋಯಿತು ಎಂದು ನಾವು ತಿಳಿದಿದ್ದೆವು. ಅದು ಎಂಟು ಗುಂಟೆಯಾಗಿ ಅಲ್ಲೇ ಕೂತಿತ್ತು. ಮೇಸ್ತ್ರಿ ಕೂಗಾಡಿದ, ಅಳತಿ ಮಾಡೋರು ನಮಗ ಬ್ಯಾಡ ಅಂದ. ಹೆಂಗಸರು ಅರ್ಧ ದಿನ ಬದುವಿನ ಮೇಲೆ ಕೂತರು. ಸಸಿ ಬಾಡುತ್ತಿತ್ತು. ಕೊನೆಗೆ ಹಗ್ಗದ ಲೆಕ್ಕದ ಮೇಲೆ ಕೂಲಿ ಸಿಕ್ಕಿತು.

ಗೆಳೆಯರೇ, ಇದನ್ನು ನಾವು ದುಡಿಮೆ ಎನ್ನುತ್ತೇವೆ. ಬೆನ್ನು ಬಗ್ಗಿಸಿದ್ದೂ ದುಡಿಮೆ, ಮೂರು ತಿಂಗಳು ಮಗ್ಗಿ ಕಲಿತದ್ದೂ ದುಡಿಮೆ. ಮೊದಲನೆಯದರ ಫಲವನ್ನು ಧಣಿ ಕದಿಯಬಲ್ಲ. ಎರಡನೆಯದು ಆ ಕಳ್ಳತನವನ್ನು ಹಿಡಿದುಕೊಟ್ಟಿತು. ಹತ್ತೇ ದಿನಕ್ಕೆ ಬಿಟ್ಟುಹೋದ ಹದಿನೇಳು ಮಂದಿಗೆ ಆ ಹಗ್ಗ ಸಿಗಲಿಲ್ಲ.

ನಮ್ಮ ಜಿಲ್ಲೆಯ ದೊಡ್ಡ ಪಾಠ ಮರಕುಂಬಿ. 2014ರ ಆಗಸ್ಟಿನಲ್ಲಿ, ಗಂಗಾವತಿಯ ಟಾಕೀಸಿನಲ್ಲಿ ಶುರುವಾದ ಜಗಳವನ್ನು ನೆವ ಮಾಡಿಕೊಂಡು, ಅಲ್ಲಿಯ ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. ಕೊಪ್ಪಳದ ಕೋರ್ಟು 2024ರ ಅಕ್ಟೋಬರ್ 24ರಂದು 101 ಮಂದಿಗೆ ಶಿಕ್ಷೆ ವಿಧಿಸಿತು, ಅದರಲ್ಲಿ 98 ಮಂದಿಗೆ ಜೀವಾವಧಿ. ಹತ್ತು ವರ್ಷ. ಈ ಹತ್ತು ವರ್ಷ ಸಾಕ್ಷಿ ಹೇಳುವವರು ಅದೇ ಊರಲ್ಲಿ, ಅದೇ ಬೀದಿಯಲ್ಲಿ ಬಾಳಬೇಕಿತ್ತು. ಒಂದು ದಿನದ ಕೂಲಿ ಕಳೆದುಕೊಂಡು ಕೋರ್ಟಿಗೆ ಬರಬೇಕಿತ್ತು, ವಾಯಿದೆ ಹಾಕಿಸಿಕೊಂಡು ವಾಪಸು ಹೋಗಬೇಕಿತ್ತು. ರಾಜಿ ಮಾಡಿಕೊಂಡಿದ್ದರೆ ಎಲ್ಲವೂ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಅವರು ಮುಗಿಸಲಿಲ್ಲ. ತೀರ್ಪು ಬಂದ ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು, ಆ ಮಾತು ಬೇರೆ. ಅಂದರೆ ಇನ್ನೂ ಕಾಯಬೇಕು, ಇನ್ನೂ ಓಡಾಡಬೇಕು. ಬೇಸರವಾಯಿತು ಅನ್ನುವವನಿಗೆ ಈ ದೇಶದಲ್ಲಿ ನ್ಯಾಯ ಇಲ್ಲ.

ಬಾಬಾಸಾಹೇಬರು ಹಿಂದುವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ ಧರ್ಮಗಳನ್ನು ಓದಿದರು, ತೂಗಿ ನೋಡಿದರು, ಜನರನ್ನು ಸಿದ್ಧಮಾಡಿದರು. ಅವರ ಫೋಟೋದ ಮೇಲೆ ನಮ್ಮ ಹೆಸರು ಅಂಟಿಸಿ ಬ್ಯಾನರು ಕಟ್ಟಲು ಒಂದು ತಾಸು ಸಾಕು. ಅವರ ಒಂದು ಪುಸ್ತಕ ಓದಿ ಅರಗಿಸಿಕೊಳ್ಳಲು ಒಂದು ಚಳಿಗಾಲ ಬೇಕು. ಯಾವುದು ಬೇಕೋ ಆರಿಸಿಕೊಳ್ಳಿ.

ನಮಗೂ, ಅಂದರೆ ಹಿರಿಯರಿಗೂ, ಒಂದು ಮಾತು ಇದೆ. ಹುಡುಗರನ್ನು ಬೈಯುವ ಮೊದಲು ನಾವು ಅವರಿಗೆ ಏನು ಕೊಟ್ಟೆವು? "ಪಂಚಮ", "ಶೂದ್ರ" ಓದಿ ಬೆಳೆದವರು ನಾವು. ಒಂದೇ ಪ್ರತಿ ಹತ್ತು ಊರು ಸುತ್ತುತ್ತಿತ್ತು. ಆಮೇಲೆ ನಮ್ಮಲ್ಲೇ ಹಲವರು ನಿಗಮದ ಕುರ್ಚಿಗೆ, ಅಕಾಡೆಮಿಯ ಶಾಲಿಗೆ ಸಾಲುಗಟ್ಟಿದೆವು. ಒಂದು ಸಂಘಟನೆ ಒಡೆದು ಹತ್ತಾಯಿತು. ಇದೆಲ್ಲ ಆತುರವೇ ಅಲ್ಲವೆ? ಹುಡುಗರು ನಮ್ಮ ಭಾಷಣ ಕೇಳಿ ಕಲಿಯಲಿಲ್ಲ, ನಮ್ಮನ್ನು ನೋಡಿ ಕಲಿತರು.

ಆದ್ದರಿಂದ ಪ್ರವಚನ ಸಾಕು, ಕೆಲಸ ಶುರುವಾಗಲಿ. ಈ ಪತ್ರಿಕೆ ಓದುವ ಮಾಸ್ತರರು ವಾರಕ್ಕೆ ಮೂರು ರಾತ್ರಿ ಕೇರಿಯಲ್ಲಿ ಕೂರಲಿ. ಐದೇ ಮಂದಿ ಬಂದರೂ ನಿಲ್ಲಿಸಬಾರದು. ಕಾಲೇಜಿನ ಹುಡುಗರು ಅಂಬೇಡ್ಕರ್ ಭವನದ ಕಪಾಟಿನ ದಾರ ಬಿಚ್ಚಲಿ. ಕೂಲಿಗೆ ಹೋಗುವ ಪ್ರತಿ ಮನೆಯಲ್ಲಿ ಒಂದು ನೋಟ್‌ಬುಕ್ ಇರಲಿ: ಎಷ್ಟು ದಿನ, ಎಷ್ಟು ಕೆಲಸ, ಎಷ್ಟು ರೊಕ್ಕ. ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ 2025ರ ಏಪ್ರಿಲಿನಿಂದ ದಿನಕ್ಕೆ 370 ರೂಪಾಯಿ ಆಗಿತ್ತು. ಕೈಗೆ ಬಂದದ್ದು ಎಷ್ಟು ಎಂದು ಬರೆದಿಟ್ಟವರು ನಮ್ಮಲ್ಲಿ ಎಷ್ಟು ಜನ? ಬರೆದಿಡದವನಿಗೆ ಕೇಳುವ ಬಾಯಿ ಇರುವುದಿಲ್ಲ. ಫೋನು ಎಸೆಯಬೇಕಾಗಿಲ್ಲ. ಆ ಫೋನಿನಲ್ಲೇ ಕಾಯ್ದೆಯ ಕಲಂ ಓದಲಿ, ಹೊಲದ ಪಹಣಿ ನೋಡಲಿ, ಸರ್ಕಾರದ ಆದೇಶ ಇಳಿಸಿಕೊಳ್ಳಲಿ. ರಮ್ಮಿಗೆ ಬಗ್ಗುವ ಕುತ್ತಿಗೆ ಇದಕ್ಕೂ ಬಗ್ಗುತ್ತದೆ.

ಇನ್ನು, ಗಲ್ಲಾಪೆಟ್ಟಿಗೆ ಮುಂದೆ ಕೂತವರೇ, ನಿಮ್ಮ ದೂರು ನಮಗೆ ತಲುಪಿದೆ. ಹುಡುಗರಿಗೆ ತಾಳ್ಮೆ ಇಲ್ಲ ಅಂದಿರಿ. ಕಲಿಸುತ್ತೇವೆ. ಹುಡುಗರು ದುಡಿಯುವುದಿಲ್ಲ ಅಂದಿರಿ. ದುಡಿಯುತ್ತಾರೆ. ಆದರೆ ಮುಂದಿನ ನಾಟಿಗೆ ಬರುವಾಗ ಒಬ್ಬೊಬ್ಬರ ಗಂಟಿನಲ್ಲೂ ಮೂವತ್ತಮೂರು ಅಡಿಯ ಹಗ್ಗ ಇರುತ್ತದೆ.